ಯೇಸುವಿನ ಕಥೆ ಅಮೆಜಾನ್ ಪಾಲಾದದ್ದು ಹೇಗೆ?

2025ರ ಫೆಬ್ರುವರಿಯಲ್ಲಿ ಅಮೆರಿಕದಿಂದ ಬಂದ ಒಂದು ವ್ಯಾಪಾರದ ಸುದ್ದಿ ಕ್ರೈಸ್ತ ವಲಯದಲ್ಲಿ ಸಂತೋಷವನ್ನೂ ಕಸಿವಿಸಿಯನ್ನೂ ಒಟ್ಟಿಗೇ ಹುಟ್ಟಿಸಿತು. ಯೇಸುವಿನ ಬದುಕನ್ನು ಏಳು ಸೀಸನ್‌ಗಳಲ್ಲಿ ಹೇಳಲು ಹೊರಟಿರುವ ‘ದಿ ಚೋಸನ್’ ಧಾರಾವಾಹಿಯ ನಿರ್ಮಾಪಕರು ಅಮೆಜಾನ್ ಕಂಪನಿಯೊಂದಿಗೆ ಒಪ್ಪಂದ ಮಾಡಿಕೊಂಡಿದ್ದರು. ಅದರ ಪ್ರಕಾರ ಐದನೆಯ ಸೀಸನ್ ಅಮೆರಿಕದ ಚಿತ್ರಮಂದಿರಗಳಲ್ಲಿ ಓಡಿದ ನಂತರ ಪ್ರೈಮ್ ವಿಡಿಯೊಗೆ ಬಂದು, ತೊಂಬತ್ತು ದಿನ ಅಲ್ಲಿ ಮಾತ್ರ ಇದ್ದು, ಆಮೇಲೆ ಧಾರಾವಾಹಿಯ ಸ್ವಂತ ಆ್ಯಪ್‌ನಲ್ಲಿ ಉಚಿತವಾಗಿ ಸಿಗುವುದೆಂದು ನಿಶ್ಚಯವಾಯಿತು.

ಕಸಿವಿಸಿಗೆ ಕಾರಣವಿತ್ತು. ಈ ಧಾರಾವಾಹಿ ಹುಟ್ಟಿದ್ದೇ ದೊಡ್ಡ ಕಂಪನಿಗಳ ಹೊರಗೆ, ಹಾಲಿವುಡ್ಡನ್ನು ನಂಬದ ಸಾಮಾನ್ಯ ಭಕ್ತರು ಹಾಕಿದ ಹಣದಿಂದ. ಯಾರೂ ಒಂದು ಕಾಸೂ ಕೊಡದೆ ನೋಡಬಹುದು ಎಂಬುದೇ ಅದರ ಹೆಮ್ಮೆಯಾಗಿತ್ತು. ಅಂಥದ್ದು ಜಗತ್ತಿನ ಅತಿ ದೊಡ್ಡ ಅಂಗಡಿಯ ಕಪಾಟಿಗೆ ಹೋದದ್ದು ಗೆಲುವೋ ಸೋಲೋ ಎಂಬ ಬಗ್ಗೆ ಅಮೆರಿಕದ ಕ್ರೈಸ್ತರಲ್ಲೇ ಒಮ್ಮತವಿಲ್ಲ.

ಕ್ರೈಸ್ತ ನಂಬಿಕೆಗೂ ಟಿ.ವಿ., ಸಿನಿಮಾಗಳಿಗೂ ಇರುವ ನಂಟನ್ನು ಸಾಮಾನ್ಯವಾಗಿ ಶೀಲ–ಅಶ್ಲೀಲದ ಜಗಳವೆಂದೇ ವಿವರಿಸಲಾಗುತ್ತದೆ. ಆ ಜಗಳ ಸುಳ್ಳಲ್ಲ. ಆದರೆ ಕಳೆದ ಎಪ್ಪತ್ತೈದು ವರ್ಷಗಳಲ್ಲಿ ಈ ನಂಟು ದಿಕ್ಕು ಬದಲಿಸಿದ ಪ್ರತಿ ಸಂದರ್ಭವನ್ನೂ ಬಿಡಿಸಿ ನೋಡಿದರೆ, ಬೋಧನೆಗಿಂತ ಮೊದಲು ಕಣ್ಣಿಗೆ ಬೀಳುವುದು ಪ್ರಸಾರದ ಖರ್ಚನ್ನು ಯಾರು ಹೊತ್ತರು ಎಂಬ ಲೆಕ್ಕ. ಅಮೆಜಾನ್ ಒಪ್ಪಂದ ಆ ಲೆಕ್ಕದ ಹೊಸ ಪುಟವಷ್ಟೆ.

ವೇಷ ಕಟ್ಟಬಹುದೇ?

ಹಣದ ವಿಷಯಕ್ಕೆ ಹೋಗುವ ಮೊದಲು ಅದಕ್ಕಿಂತ ಹಳೆಯದಾದ ಒಂದು ತಕರಾರನ್ನು ತಿಳಿಯಬೇಕು, ಏಕೆಂದರೆ ಕನ್ನಡದ ಓದುಗರಿಗೆ ಅದು ಸುಲಭವಾಗಿ ಹೊಳೆಯುವಂಥದ್ದಲ್ಲ. ದೇವರ ವೇಷ ಕಟ್ಟುವುದು ನಮಗೆ ಹೊಸದಲ್ಲ. ಯಕ್ಷಗಾನದ ಕೃಷ್ಣ ರಾತ್ರಿಯಿಡೀ ಕುಣಿದು, ಬೆಳಗಿನ ಜಾವ ಚೌಕಿಯಲ್ಲಿ ಬಣ್ಣ ತೆಗೆದು ಮನೆಗೆ ಹೋಗುತ್ತಾನೆ. 1987ರಲ್ಲಿ ದೂರದರ್ಶನದಲ್ಲಿ ರಾಮಾಯಣ ಬಂದಾಗ ಟಿ.ವಿ. ಪೆಟ್ಟಿಗೆಗೇ ಹೂವಿನ ಹಾರ ಹಾಕಿದ ಮನೆಗಳಿದ್ದವು. ರಾಮನ ಪಾತ್ರವನ್ನು ಮನುಷ್ಯನೊಬ್ಬ ಮಾಡಿದ್ದೇ ತಪ್ಪೆಂದು ವಾದಿಸಿದವರನ್ನು ಹುಡುಕಬೇಕು.

ಕ್ರೈಸ್ತರಲ್ಲಿ ಹಾಗೆ ವಾದಿಸುವವರಿದ್ದಾರೆ. ಹತ್ತು ಆಜ್ಞೆಗಳಲ್ಲಿ ವಿಗ್ರಹ ಮಾಡಿಕೊಳ್ಳಬಾರದೆಂಬ ಆಜ್ಞೆಯಿದೆ. ಕ್ರಿಸ್ತನು ನಿಜವಾಗಿ ಮನುಷ್ಯನಾಗಿ ಹುಟ್ಟಿದ್ದರಿಂದ ಅವನ ಚಿತ್ರ ಬರೆಯಬಹುದು, ಚಿತ್ರಕ್ಕೆ ತೋರಿದ ಗೌರವ ಮೂಲಕ್ಕೆ ಸಲ್ಲುತ್ತದೆ ಎಂದು 787ರಲ್ಲಿ ನೈಸಿಯಾದಲ್ಲಿ ಸೇರಿದ ಬಿಷಪರ ಎರಡನೆಯ ಮಹಾಸಭೆ ತೀರ್ಮಾನಿಸಿತು. ಕ್ಯಾಥೊಲಿಕ್ ಮತ್ತು ಆರ್ಥೊಡಾಕ್ಸ್ ಪರಂಪರೆಗಳು ಇಂದಿಗೂ ಆ ತೀರ್ಮಾನದ ಮೇಲೆ ನಿಂತಿವೆ. ಹದಿನಾರನೆಯ ಶತಮಾನದ ಧರ್ಮಸುಧಾರಕ ಕ್ಯಾಲ್ವಿನ್‌ನ ದಾರಿ ಹಿಡಿದ ಪ್ರಾಟೆಸ್ಟೆಂಟರು ಅದನ್ನು ಒಪ್ಪಲಿಲ್ಲ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನಲ್ಲಿ ರೂಪುಗೊಂಡ, ನಂಬಿಕೆಯನ್ನು ಪ್ರಶ್ನೆ–ಉತ್ತರಗಳಲ್ಲಿ ಕಲಿಸುವ ವೆಸ್ಟ್‌ಮಿನ್‌ಸ್ಟರ್ ಪ್ರಶ್ನೋತ್ತರಿಯ 109ನೆಯ ಉತ್ತರ ದೇವರ ರೂಪವನ್ನು ಹೊರಗೆ ಚಿತ್ರಿಸುವುದನ್ನು ಮಾತ್ರವಲ್ಲ, ಮನಸ್ಸಿನೊಳಗೆ ಕಲ್ಪಿಸಿಕೊಳ್ಳುವುದನ್ನೂ ನಿಷೇಧಿಸುತ್ತದೆ. ಮನಸ್ಸಿನೊಳಗೇ ಬೇಡವೆಂದ ಮೇಲೆ ಪರದೆಯ ಮೇಲೆ ಎಲ್ಲಿಂದ ಬಂತು? ಅಮೆರಿಕದಲ್ಲಿ ಈ ಪ್ರಶ್ನೋತ್ತರಿಯನ್ನು ಪಾಲಿಸುವ ಕೆಲವು ಪ್ರೆಸ್ಬಿಟೇರಿಯನ್ ಪಾದ್ರಿಗಳು ‘ದಿ ಚೋಸನ್’ ನೋಡಬೇಡಿ ಎನ್ನುವುದು ಅದರಲ್ಲಿ ಕೊಳಕು ದೃಶ್ಯಗಳಿವೆಯೆಂದಲ್ಲ, ಯೇಸುವಿಗೆ ಒಬ್ಬ ನಟನ ಮುಖ ಅಂಟಿಕೊಳ್ಳುತ್ತದೆಂದು. ಪ್ರಾರ್ಥನೆಗೆ ಕಣ್ಣು ಮುಚ್ಚಿದರೆ ಆ ನಟನೇ ಕಾಣುತ್ತಾನೆ ಎಂಬ ಅವರ ಆತಂಕವನ್ನು ಸುಲಭವಾಗಿ ತಳ್ಳಿಹಾಕಲಾಗದು.

ಈ ಆತಂಕ ಒಂದು ಕಾಲಕ್ಕೆ ಸೆನ್ಸಾರಿನ ನಿಯಮವೇ ಆಗಿತ್ತು. 1913ರಲ್ಲಿ ಕೆಲಸ ಶುರುಮಾಡಿದ ಬ್ರಿಟನ್ನಿನ ಚಲನಚಿತ್ರ ಸೆನ್ಸಾರ್ ಮಂಡಳಿಗೆ ಆಗ ಇದ್ದದ್ದು ಎರಡೇ ಕಟ್ಟಳೆ: ನಗ್ನತೆ ತೋರಿಸಕೂಡದು, ಕ್ರಿಸ್ತನ ಪಾತ್ರ ತೋರಿಸಕೂಡದು. ರೇಡಿಯೊದಲ್ಲಿ ಮುಖ ಕಾಣುವುದಿಲ್ಲವಾದರೂ ರಂಪ ತಪ್ಪಲಿಲ್ಲ. 1941ರ ಡಿಸೆಂಬರಿನಲ್ಲಿ ಇಂಗ್ಲಿಷ್ ಲೇಖಕಿ ಡೊರೊತಿ ಸೇಯರ್ಸ್ ಬಿಬಿಸಿಗಾಗಿ ಬರೆದ ಯೇಸುವಿನ ಜೀವನದ ನಾಟಕಸರಣಿ ಶುರುವಾಗುವ ಹೊತ್ತಿಗೆ, ಶಿಷ್ಯರು ಅದರಲ್ಲಿ ಆಡುಮಾತಿನ ಇಂಗ್ಲಿಷ್ ಮಾತಾಡುತ್ತಾರೆಂದು ಪತ್ರಿಕೆಗಳು ಬರೆದವು. ಪ್ರಸಾರ ನಿಲ್ಲಿಸಬೇಕೆಂದು ಪ್ರಾಟೆಸ್ಟೆಂಟ್ ಸಂಘಟನೆಗಳು ಮನವಿ ಸಲ್ಲಿಸಿದವು, ಸಂಸತ್ತಿನಲ್ಲೂ ಪ್ರಶ್ನೆ ಎದ್ದಿತು. ನಾಟಕ ಮಾತ್ರ ನಿಲ್ಲಲಿಲ್ಲ, ಹನ್ನೆರಡು ಕಂತೂ ಪ್ರಸಾರವಾಯಿತು. ಪವಿತ್ರ ವ್ಯಕ್ತಿಗಳು ನಮ್ಮ ನಿಮ್ಮಂತೆ ಮಾತಾಡಬಹುದೇ ಎಂಬ ಅಂದಿನ ಪ್ರಶ್ನೆ ಇಂದು ‘ದಿ ಚೋಸನ್’ ಎದುರಿಸುತ್ತಿರುವ ಪ್ರಶ್ನೆಯೂ ಹೌದು.

ಕ್ಯಾಥೊಲಿಕ್ ಧರ್ಮಸಭೆ ಹೊಸ ಯಂತ್ರವನ್ನು ಬರಮಾಡಿಕೊಂಡ ರೀತಿಯೇ ಬೇರೆ. 1958ರಲ್ಲಿ ಪೋಪ್ ಹನ್ನೆರಡನೆಯ ಪಿಯುಸ್ ಅವರು ಹದಿಮೂರನೆಯ ಶತಮಾನದ ಅಸ್ಸಿಸಿಯ ಸಂತ ಕ್ಲಾರಾಳನ್ನು ಟೆಲಿವಿಷನ್ನಿನ ಪಾಲಕ ಸಂತಳೆಂದು ಸಾರಿದರು. ಕಾಯಿಲೆಯಿಂದ ಹಾಸಿಗೆ ಬಿಟ್ಟೇಳಲಾಗದ ಕ್ಲಾರಾಳಿಗೆ ಕ್ರಿಸ್ಮಸ್ ರಾತ್ರಿಯ ಬಲಿಪೂಜೆ ಇದ್ದಲ್ಲಿಯೇ ಕಂಡಿತು, ಕೇಳಿಸಿತು ಎಂಬುದು ಐತಿಹ್ಯ. ಇಂದು ಮನೆಯಲ್ಲೇ ಕುಳಿತು ಮೊಬೈಲಿನಲ್ಲಿ ಪೂಜೆ ನೋಡುವ ವೃದ್ಧರನ್ನು ನೆನೆದರೆ ಆಯ್ಕೆ ಸರಿಯಾಗಿಯೇ ಇತ್ತೆನ್ನಬೇಕು.

ಬಿಟ್ಟಿ ಸಮಯ, ಕೊಂಡ ಸಮಯ

ಅಮೆರಿಕದ ಕಾನೂನಿನಲ್ಲಿ ಪ್ರಸಾರದ ಅಲೆಗಳು ಸಾರ್ವಜನಿಕರ ಸ್ವತ್ತು. ಖಾಸಗಿ ಕೇಂದ್ರಗಳು ಪರವಾನಗಿ ಪಡೆದು ಅವನ್ನು ಬಳಸುತ್ತವೆ, ಮತ್ತು ಪರವಾನಗಿ ನವೀಕರಣಕ್ಕೆ ಹೋದಾಗ ಸಾರ್ವಜನಿಕ ಹಿತಕ್ಕಾಗಿ ಏನು ಮಾಡಿದೆವೆಂದು ತೋರಿಸಬೇಕಾಗುತ್ತದೆ. ಧಾರ್ಮಿಕ ಕಾರ್ಯಕ್ರಮ ಅಂಥ ಹಿತದ ಲೆಕ್ಕಕ್ಕೆ ಸೇರುತ್ತಿತ್ತು. ಹಾಗಾಗಿ ದೊಡ್ಡ ಜಾಲಗಳು ಸ್ವಲ್ಪ ಸಮಯವನ್ನು ಬಿಟ್ಟಿಯಾಗಿ ಕೊಡುತ್ತಿದ್ದವು. ಯಾರಿಗೆ ಕೊಡಬೇಕೆಂಬ ಪ್ರಶ್ನೆ ಬಂದಾಗ, ಜಗಳ ತರದ ಗೌರವಸ್ಥ ಸಂಸ್ಥೆಗಳನ್ನೇ ಆರಿಸಿದವು: ಹಳೆಯ ಪ್ರಾಟೆಸ್ಟೆಂಟ್ ಸಭೆಗಳ (ಚರ್ಚುಗಳ) ಒಕ್ಕೂಟ, ಕ್ಯಾಥೊಲಿಕ್ ಸಂಸ್ಥೆಗಳು, ಯೆಹೂದಿ ಸಂಸ್ಥೆಗಳು. ಬೈಬಲಿಗೂ ವೈಯಕ್ತಿಕ ಮನಪರಿವರ್ತನೆಗೂ ಒತ್ತು ಕೊಡುವ ಪ್ರಾಟೆಸ್ಟೆಂಟರಾದ ಇವ್ಯಾಂಜೆಲಿಕಲ್ ಬೋಧಕರಿಗೆ ಈ ಪಂಕ್ತಿಯಲ್ಲಿ ಎಲೆಯಿರಲಿಲ್ಲ. ಸಮಯ ಬೇಕಿದ್ದರೆ ಅವರು ದುಡ್ಡು ಕೊಟ್ಟು ಕೊಳ್ಳಬೇಕಿತ್ತು. ಕೆಲವು ಜಾಲಗಳು ಮಾರಲೂ ಒಪ್ಪುತ್ತಿರಲಿಲ್ಲ. 1944ರಲ್ಲಿ ಅವರು ತಮ್ಮದೇ ಪ್ರಸಾರಕರ ಸಂಘ ಕಟ್ಟಿಕೊಂಡದ್ದು ಈ ಹೊಟ್ಟೆಯುರಿಯಿಂದಲೇ.

1960ರಲ್ಲಿ ಪ್ರಸಾರ ನಿಯಂತ್ರಣ ಆಯೋಗ ಸಣ್ಣದಾಗಿ ಕಾಣುವ ಒಂದು ಸ್ಪಷ್ಟೀಕರಣ ಕೊಟ್ಟಿತು: ಸಾರ್ವಜನಿಕ ಹಿತದ ಲೆಕ್ಕದಲ್ಲಿ ಬಿಟ್ಟಿ ಸಮಯಕ್ಕೂ ಮಾರಿದ ಸಮಯಕ್ಕೂ ಭೇದವಿಲ್ಲ. ಮುಂದಿನದನ್ನು ಯಾವ ಅಂಗಡಿಯವನೂ ಊಹಿಸಬಲ್ಲ. ಮಾರಿದರೂ ಪುಣ್ಯದ ಖಾತೆಗೆ ಜಮೆಯಾಗುವುದಾದರೆ ಬಿಟ್ಟಿ ಕೊಡುವವರು ಯಾರು? ಕೇಂದ್ರಗಳು ಸಮಯ ಮಾರಲಾರಂಭಿಸಿದವು. ಹಳೆಯ ಸಭೆಗಳಿಗೆ ಕೊಂಡು ಅಭ್ಯಾಸವಿರಲಿಲ್ಲ. ಕೊಳ್ಳುವುದನ್ನೇ ಕಲಿತಿದ್ದ ಇವ್ಯಾಂಜೆಲಿಕಲರು ಮುನ್ನುಗ್ಗಿದರು. 1959ರಲ್ಲಿ ಧಾರ್ಮಿಕ ಪ್ರಸಾರದ ಶೇ 53ರಷ್ಟು ಕೊಂಡ ಸಮಯದ್ದಾಗಿತ್ತು. 1977ರ ಹೊತ್ತಿಗೆ ಅದು ಶೇ 92ಕ್ಕೆ ಏರಿತು.

ಪರಿಣಾಮ ಕಾರ್ಯಕ್ರಮದ ಒಡಲಿನಲ್ಲೇ ಕಾಣಿಸಿಕೊಂಡಿತು. 1950ರ ದಶಕದ ಜನಪ್ರಿಯ ಬೋಧಕ ಬಿಷಪ್ ಫುಲ್ಟನ್ ಶೀನ್ ಅವರು ಮೇಲಂಗಿ ತೊಟ್ಟು ಕರಿಹಲಗೆಯ ಮುಂದೆ ನಿಂತು ಅರ್ಧ ಗಂಟೆ ಪಾಠ ಮಾಡಿದಂತೆ ಮಾತಾಡುತ್ತಿದ್ದರು. ಅವರು ಹಲಗೆಯಿಂದ ಆಚೆ ಸರಿದಾಗ ಕ್ಯಾಮೆರಾಕ್ಕೆ ಕಾಣದಂತೆ ಕೆಲಸಗಾರನೊಬ್ಬ ಅದನ್ನು ಒರೆಸುತ್ತಿದ್ದ, ದೇವದೂತ ಒರೆಸಿದನೆಂದು ಬಿಷಪ್ ಹಾಸ್ಯ ಮಾಡುತ್ತಿದ್ದರು. ಅವರ ಕಾರ್ಯಕ್ರಮಕ್ಕೆ ಟಿ.ವಿ. ತಯಾರಿಸುವ ಅಡ್ಮಿರಲ್ ಕಂಪನಿಯ ಪ್ರಾಯೋಜಕತ್ವವಿತ್ತು. ನೋಡುಗರಿಂದ ಹಣ ಕೇಳಿ ಪ್ರಸಾರ ಉಳಿಸಿಕೊಳ್ಳುವ ಒತ್ತಡ ಅವರಿಗಿರಲಿಲ್ಲ. ಕೊಂಡ ಸಮಯದ ಬೋಧಕನಿಗೆ ಆ ಸೌಕರ್ಯವಿಲ್ಲ. ಈ ವಾರದ ಕಾಣಿಕೆಯಿಂದಲೇ ಮುಂದಿನ ವಾರದ ಬಾಡಿಗೆ ಕಟ್ಟಬೇಕು. ಆದ್ದರಿಂದ ಕಾಣಿಕೆ ಕೇಳುವುದು ಬೋಧನೆಯ ಬಾಲವಾಗಿದ್ದದ್ದು ಕ್ರಮೇಣ ತಲೆಯಾಯಿತು. ದೂರವಾಣಿ ಸಂಖ್ಯೆ ಪರದೆಯ ಅಡಿಗೆ ಬಂತು. ಕೊಟ್ಟವರಿಗೆ ದೇವರು ಹಿಂದಿರುಗಿಸುತ್ತಾನೆಂಬ ‘ಸಮೃದ್ಧಿಯ ಸುವಾರ್ತೆ’ಗೆ ಈ ಏರ್ಪಾಡು ಹದವಾದ ಹೊಲವಾಯಿತು.

ಆ ಹೊಲದ ಕೊಯ್ಲು 1987ರಲ್ಲಿ ಕಂಡಿತು. ಸೌತ್ ಕೆರೊಲಿನಾದಲ್ಲಿ ಕ್ರೈಸ್ತ ವಿಹಾರಧಾಮ ಕಟ್ಟಿದ್ದ ಟಿ.ವಿ. ಬೋಧಕ ಜಿಮ್ ಬೇಕರ್ 1,000 ಡಾಲರ್ ಕೊಟ್ಟವರಿಗೆ ಜೀವಮಾನವಿಡೀ ವರ್ಷಕ್ಕೆ ಮೂರು ರಾತ್ರಿ ಹೋಟೆಲ್ ವಾಸವೆಂದು ಆಶ್ವಾಸನೆ ಕೊಟ್ಟು, ಇದ್ದ ಕೋಣೆಗಳಿಗೆ ಹಿಡಿಸುವುದಕ್ಕಿಂತ ಎಷ್ಟೋ ಪಾಲು ಹೆಚ್ಚು ಸದಸ್ಯತ್ವ ಮಾರಿದ್ದರು. ಹಗರಣದಲ್ಲಿ ಸಂಸ್ಥೆ ಬಿಟ್ಟಿಳಿದ ಅವರಿಗೆ 1989ರಲ್ಲಿ ವಂಚನೆಯ ಆರೋಪ ಸಾಬೀತಾಗಿ 45 ವರ್ಷದ ಶಿಕ್ಷೆಯಾಯಿತು. ಮೇಲ್ಮನವಿಯ ಬಳಿಕ ಶಿಕ್ಷೆ ಇಳಿದು ಕೆಲವೇ ವರ್ಷಗಳಲ್ಲಿ ಹೊರಬಂದರು. ಬೇಕರ್ ದುರಾಸೆಯನ್ನು ಯಾರೂ ಸಮರ್ಥಿಸಬೇಕಿಲ್ಲ. ಆದರೆ ದಿನದಿನವೂ ಹಣ ಕೇಳದೆ ಉಸಿರಾಡಲಾಗದ ಏರ್ಪಾಡನ್ನು ಅವರು ಹುಟ್ಟಿಸಿರಲಿಲ್ಲ.

ಬಹಿಷ್ಕಾರದಿಂದ ಸಗಟು ಟಿಕೆಟ್‌ಗೆ

ಸಿನಿಮಾ ರಂಗದೊಡನೆ ಸಂಬಂಧ ಬೇರೆ ದಾರಿಯಲ್ಲಿ ನಡೆಯಿತು. ಅಲ್ಲಿ ಸಮಯ ಕೊಳ್ಳುವಂತಿಲ್ಲ. ಟಿಕೆಟ್ ಕೊಳ್ಳದೆ ಇರಬಹುದು. 1934ರಲ್ಲಿ ಅಮೆರಿಕದ ಕ್ಯಾಥೊಲಿಕ್ ಬಿಷಪರು ಕಟ್ಟಿದ ಶಿಷ್ಟಾಚಾರ ದಳ ಲಕ್ಷಾಂತರ ಭಕ್ತರಿಂದ ಕೆಟ್ಟ ಚಿತ್ರ ನೋಡುವುದಿಲ್ಲವೆಂದು ಪ್ರತಿಜ್ಞೆ ಮಾಡಿಸಿತು. ಹಾಲಿವುಡ್ ತಾನೇ ಒಪ್ಪಿಕೊಂಡಿದ್ದರೂ ಜಾರಿಗೆ ತರದೆ ಬಿಟ್ಟಿದ್ದ ನೀತಿಸಂಹಿತೆಗೆ ಹಲ್ಲು ಬಂದದ್ದು ಆ ವರ್ಷ.

1988ರಲ್ಲಿ ಯೇಸುವಿನ ಮಾನವ ದೌರ್ಬಲ್ಯಗಳನ್ನು ಕಲ್ಪಿಸಿದ ‘ದಿ ಲಾಸ್ಟ್ ಟೆಂಪ್ಟೇಶನ್ ಆಫ್ ಕ್ರೈಸ್ಟ್’ ಬಿಡುಗಡೆಯಾಗುವಾಗ ಯೂನಿವರ್ಸಲ್ ಕಂಪನಿಯ ಮುಂದೆ ಸಾವಿರಾರು ಜನ ಸೇರಿದರು. ಕ್ಯಾಂಪಸ್ ಕ್ರುಸೇಡ್ ಸಂಸ್ಥೆಯ ಸ್ಥಾಪಕ ಬಿಲ್ ಬ್ರೈಟ್ ನಿರ್ಮಾಣ ವೆಚ್ಚ ತಾವೇ ಭರಿಸುತ್ತೇವೆ, ನೆಗೆಟಿವ್ ನಮಗೆ ಕೊಡಿ, ನಾಶಮಾಡುತ್ತೇವೆ ಎಂದರು. ಕುತೂಹಲದ ಸಂಗತಿಯೆಂದರೆ 1979ರ ‘ಜೀಸಸ್’ ಚಿತ್ರದ ಹಿಂದಿದ್ದವರೂ ಅವರೇ. ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ನಾಲ್ಕು ಪುಸ್ತಕಗಳಲ್ಲೊಂದಾದ ಲೂಕನ ಸುವಾರ್ತೆಯನ್ನು ಆಧರಿಸಿದ ಆ ಚಿತ್ರ ಕನ್ನಡವೂ ಸೇರಿ ಎರಡು ಸಾವಿರಕ್ಕೂ ಹೆಚ್ಚು ಭಾಷೆಗಳಿಗೆ ಡಬ್ ಆಗಿ, ಭಾರತದ ಹಳ್ಳಿಗಳಲ್ಲೂ ಪರದೆ ಕಟ್ಟಿ ತೋರಿಸಲ್ಪಟ್ಟಿದೆ. ಕೊಂಡು ಸುಡುವುದು, ಮಾಡಿ ಹಂಚುವುದು ಎಂಬ ಎರಡೂ ದಾರಿ ಒಬ್ಬನೇ ವ್ಯಕ್ತಿಯ ಕೈಯಲ್ಲಿದ್ದವು. ಸುಡುವ ದಾರಿ ಸಾಗಲಿಲ್ಲ: ಯೂನಿವರ್ಸಲ್ ಒಪ್ಪಲಿಲ್ಲ, ಚಿತ್ರ ಬಿಡುಗಡೆಯಾಯಿತು.

ಭಾರತದಲ್ಲಿ ಇದೇ ಬಗೆಯ ಪ್ರಸಂಗ 2006ರಲ್ಲಿ ‘ದ ಡಾ ವಿಂಚಿ ಕೋಡ್’ ಬಂದಾಗ ನಡೆಯಿತು. ಆಗಿನ ವಾರ್ತಾ ಮತ್ತು ಪ್ರಸಾರ ಸಚಿವರು ಕ್ರೈಸ್ತ ಪ್ರತಿನಿಧಿಗಳೊಂದಿಗೆ ಕುಳಿತು ಚಿತ್ರ ನೋಡಿದರು, ಇದು ಕಲ್ಪಿತ ಕಥೆಯೆಂಬ ಸೂಚನೆ ಸೇರಿಸಿದ ಮೇಲೆ ಬಿಡುಗಡೆಗೆ ಅನುಮತಿ ಸಿಕ್ಕಿತು. ಆದರೂ ಕೆಲವು ರಾಜ್ಯಗಳು ನಿಷೇಧಿಸಿದವು, ಆಂಧ್ರದ ನಿಷೇಧವನ್ನು ಹೈಕೋರ್ಟ್ ತೆಗೆದುಹಾಕಿತು. ನಮ್ಮಲ್ಲಿ ತಕರಾರು ಸರ್ಕಾರದ ಬಾಗಿಲಿಗೆ ಹೋಗುತ್ತದೆ, ಅಮೆರಿಕದಲ್ಲಿ ಟಿಕೆಟ್ ಕಿಟಕಿಗೆ ಹೋಗುತ್ತದೆ. ಮುಂದಿನದೆಲ್ಲ ಈ ವ್ಯತ್ಯಾಸದಿಂದಲೇ ಬೆಳೆಯಿತು.

ಟಿಕೆಟ್ ಕಿಟಕಿಯ ಶಕ್ತಿ 2004ರ ವಿಭೂತಿ ಬುಧವಾರದಂದು (ಈಸ್ಟರ್‌ಗೆ ಮುಂಚಿನ ಉಪವಾಸಕಾಲ ಶುರುವಾಗುವ ದಿನ) ತಿರುಗಿ ಕೆಲಸ ಮಾಡಿತು. ಯೇಸುವಿನ ಕೊನೆಯ ಹನ್ನೆರಡು ಗಂಟೆಗಳ ಮೇಲೆ ಮೆಲ್ ಗಿಬ್ಸನ್ ಸುಮಾರು 3 ಕೋಟಿ ಡಾಲರಿನಲ್ಲಿ, ಅರಾಮಿಕ್ ಮತ್ತು ಲ್ಯಾಟಿನ್ ಸಂಭಾಷಣೆಯಲ್ಲಿ ಮಾಡಿದ ಚಿತ್ರವನ್ನು ಮೊದಲೇ ಪಾದ್ರಿಗಳಿಗೆ ತೋರಿಸಲಾಗಿತ್ತು. ಸಭೆಗಳು ಚಿತ್ರಮಂದಿರದ ಇಡೀ ಆಟಗಳನ್ನೇ ಕೊಂಡವು. ಅಮೆರಿಕದಲ್ಲೇ 37 ಕೋಟಿ ಡಾಲರ್ ಸಂಗ್ರಹವಾಯಿತು. ಯೇಸುವಿನ ಸಾವಿಗೆ ಯೆಹೂದಿಗಳನ್ನು ಹೊಣೆ ಮಾಡುವ ಹಳೆಯ ವಿಷ ಇದರಲ್ಲಿದೆಯೆಂದು ಯೆಹೂದಿ ಸಂಘಟನೆಗಳು ಎಚ್ಚರಿಸಿದ್ದು ಆ ಸಂಭ್ರಮದಲ್ಲಿ ಅಷ್ಟಾಗಿ ಕೇಳಿಸಲಿಲ್ಲ. ಹಾಲಿವುಡ್ ಕಲಿತ ಪಾಠ ಒಂದೇ: ಇಷ್ಟು ದಿನ ಗೇಟಿನ ಹೊರಗೆ ಫಲಕ ಹಿಡಿದು ನಿಂತಿದ್ದವರು ಗಿರಾಕಿಗಳೂ ಹೌದು.

ಕತ್ತರಿಯಿಂದ ಕ್ಯಾಮೆರಾಕ್ಕೆ

‘ದಿ ಚೋಸನ್’ನ ವಂಶಾವಳಿ ಒಂದು ಕತ್ತರಿಯಿಂದ ಶುರುವಾಗುತ್ತದೆ. ಯೂಟಾ ರಾಜ್ಯದಲ್ಲಿ, ಬೈಬಲಿನ ಜೊತೆಗೆ ತನ್ನದೇ ಪವಿತ್ರ ಗ್ರಂಥವಿರುವ ಮಾರ್ಮನ್ ಪಂಥದ ಸಹೋದರರು ಕಟ್ಟಿದ ವಿಡ್‌ಏಂಜೆಲ್ ಕಂಪನಿ ಹಾಲಿವುಡ್ ಚಿತ್ರಗಳಿಂದ ಬೈಗುಳ, ನಗ್ನತೆಗಳನ್ನು ಕತ್ತರಿಸಿ ಕುಟುಂಬಗಳಿಗೆ ತೋರಿಸುತ್ತಿತ್ತು. 2016ರಲ್ಲಿ ಡಿಸ್ನಿ ಮೊದಲಾದ ಕಂಪನಿಗಳು ಹಕ್ಕುಸ್ವಾಮ್ಯದ ಮೊಕದ್ದಮೆ ಹೂಡಿದವು, 2019ರಲ್ಲಿ 6.24 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು, ಆಮೇಲೆ ಕಡಿಮೆ ಮೊತ್ತಕ್ಕೆ ರಾಜಿಯಾಯಿತು. ಬೇರೆಯವರ ಚಿತ್ರ ಕತ್ತರಿಸುವುದು ಕಷ್ಟವಾದಾಗ ಸ್ವಂತ ಚಿತ್ರಗಳತ್ತ ಹೊರಳಿದ ಕಂಪನಿ ಏಂಜೆಲ್ ಸ್ಟುಡಿಯೋಸ್ ಎಂದು ಹೆಸರು ಬದಲಿಸಿಕೊಂಡಿತು.

ಅದೇ ಹೊತ್ತಿಗೆ ಡಲ್ಲಾಸ್ ಜೆಂಕಿನ್ಸ್ ಎಂಬ ಇವ್ಯಾಂಜೆಲಿಕಲ್ ನಿರ್ದೇಶಕ ತಮ್ಮ ಸಭೆಯ ಕ್ರಿಸ್ಮಸ್ ಕಾರ್ಯಕ್ರಮಕ್ಕಾಗಿ ಮಾಡಿದ ಕಿರುಚಿತ್ರವೊಂದು ಫೇಸ್‌ಬುಕ್‌ನಲ್ಲಿ ಹರಡಿತ್ತು. ಅದನ್ನೇ ಮಾದರಿಯಾಗಿ ತೋರಿಸಿ ಜನರಿಂದ ಬಂಡವಾಳ ಕೇಳಲಾಯಿತು. ಸಣ್ಣ ಹೂಡಿಕೆದಾರರಿಂದ ಹಣ ಎತ್ತಲು ಅವಕಾಶ ಕೊಡುವ, 2012ರ ಕಾಯ್ದೆಯ ಬಳಿಕ ಸಡಿಲಗೊಂಡ ನಿಯಮ ಇದಕ್ಕೆ ದಾರಿಮಾಡಿತು. ಹದಿನಾರು ಸಾವಿರಕ್ಕೂ ಹೆಚ್ಚು ಜನ ಸೇರಿ 1 ಕೋಟಿ ಡಾಲರಿಗೂ ಮಿಕ್ಕಿದ ಹಣ ಹಾಕಿದರು. ಇದು ಹುಂಡಿಗೆ ಹಾಕಿದ ಕಾಣಿಕೆಯಲ್ಲ, ಲಾಭದ ಹಕ್ಕುಳ್ಳ ಪಾಲು. ಇನ್ನೊಂದೆಡೆ ಧಾರಾವಾಹಿ ನೋಡಿದವರು ತಮ್ಮ ನಂತರದವರು ಪುಕ್ಕಟೆ ನೋಡಲೆಂದು ಹಣ ಕೊಡುವ ಪದ್ಧತಿ ಜಾರಿಗೆ ಬಂತು. ಒಬ್ಬನೇ ಭಕ್ತ ಏಕಕಾಲಕ್ಕೆ ಪ್ರೇಕ್ಷಕ, ದಾನಿ, ಪಾಲುದಾರ ಮೂರೂ ಆದ. ಈ ಮೂರು ಪಾತ್ರಗಳ ನಿರೀಕ್ಷೆ ಒಂದೇ ಅಲ್ಲ ಎಂಬುದು ಹಣ ಹರಿದುಬಂದ ದಿನಗಳಲ್ಲಿ ಯಾರನ್ನೂ ಬಾಧಿಸಲಿಲ್ಲ.

ಬಾಧಿಸಿದ್ದು ಯಶಸ್ಸು ಬಂದ ಮೇಲೆ. ಧಾರಾವಾಹಿಯ ತಂಡಕ್ಕೂ ಏಂಜೆಲ್‌ಗೂ ಒಪ್ಪಂದದ ಬಗ್ಗೆ ವ್ಯಾಜ್ಯ ಹುಟ್ಟಿ, 2024ರ ಮೇ ತಿಂಗಳಲ್ಲಿ ಮಧ್ಯಸ್ಥಗಾರರು ತಂಡದ ಪರ ತೀರ್ಪು ಕೊಟ್ಟರು. ಇಬ್ಬರೂ ಬೇರೆಯಾದರು. ತಂಡ ತನ್ನ ಹೊಸ ಸಂಸ್ಥೆಗೆ, ಯೇಸು ಐದು ರೊಟ್ಟಿ ಎರಡು ಮೀನಿನಿಂದ ಸಾವಿರಾರು ಜನರಿಗೆ ಉಣಿಸಿದ ಅದ್ಭುತವನ್ನು ನೆನೆದು, ‘5&2 ಸ್ಟುಡಿಯೋಸ್’ ಎಂದು ಹೆಸರಿಟ್ಟಿತು. ಅಮೆಜಾನ್ ಒಪ್ಪಂದ ಮಾಡಿಕೊಂಡದ್ದು ಇದರೊಂದಿಗೆ.

ಕುಂಟುವ ಶಿಷ್ಯನ ಪ್ರಶ್ನೆ

ಧಾರಾವಾಹಿಯ ಒಳಗೆ ನಡೆಯುವುದನ್ನು ನೋಡದೆ ಈ ವ್ಯಾಜ್ಯಗಳ ಬಿಸಿ ಅರ್ಥವಾಗದು. ಮೂರನೆಯ ಸೀಸನ್ನಿನಲ್ಲಿ ಯೇಸು ಶಿಷ್ಯರನ್ನು ಇಬ್ಬಿಬ್ಬರಾಗಿ ಕಳುಹಿಸುತ್ತಾನೆ. ಕಾಯಿಲೆಯವರನ್ನು ಗುಣಪಡಿಸುವ ಅಧಿಕಾರ ಕೊಡುತ್ತಾನೆ. ಎಲ್ಲರೂ ಹೋದ ಮೇಲೆ ಚಿಕ್ಕ ಯಾಕೋಬ ಹಿಂದೆ ಉಳಿಯುತ್ತಾನೆ. ಅವನಿಗೆ ಹುಟ್ಟಿನಿಂದ ಕಾಲು ಕುಂಟು. ಆ ಪಾತ್ರದ ನಟನೂ ಅಂಗವೈಕಲ್ಯ ಇರುವವನೇ. ನನ್ನನ್ನೇ ಗುಣಪಡಿಸದೆ, ಬೇರೆಯವರನ್ನು ಗುಣಪಡಿಸಲು ನನ್ನನ್ನು ಹೇಗೆ ಕಳುಹಿಸುತ್ತೀ ಎಂದು ಅವನು ತಡವರಿಸುತ್ತ ಕೇಳುತ್ತಾನೆ. ಯೇಸು ಗುಣಪಡಿಸುವುದಿಲ್ಲ, ಗುಣವಾಗದೆಯೂ ನಂಬಿದವನ ಕಥೆಗೆ ಬೇರೆಯೇ ತೂಕವಿದೆ ಎಂಬ ಅರ್ಥದ ಮಾತು ಹೇಳುತ್ತಾನೆ.

ಈ ದೃಶ್ಯ ಬೈಬಲಿನಲ್ಲಿಲ್ಲ. ಬೈಬಲ್ ಓದಿದ ಯಾರಿಗೂ ಅನ್ಯವೆನಿಸುವುದೂ ಇಲ್ಲ. ಕೊಟ್ಟವರಿಗೆ ಆರೋಗ್ಯ, ಐಶ್ವರ್ಯ ಖಂಡಿತವೆಂದು ಮೂರು ದಶಕ ಸಾರಿದ ಟಿ.ವಿ. ಬೋಧನೆಗೆ ಅದೇ ಟಿ.ವಿ.ಯಿಂದ ಬಂದ ಅತ್ಯಂತ ಗಟ್ಟಿ ಉತ್ತರ ಇದೆಂದು ಈ ಲೇಖಕನ ಎಣಿಕೆ. ವಿರೋಧಿಗಳ ತಕರಾರು ಹುಟ್ಟುವುದೂ ಇಲ್ಲಿಯೇ. ಸುವಾರ್ತೆಗಳು ಶಿಷ್ಯರ ಮನೆ, ಹೆಂಡತಿ, ಸಾಲಗಳ ಬಗ್ಗೆ ಹೆಚ್ಚು ಹೇಳುವುದಿಲ್ಲ. ಹತ್ತಾರು ಗಂಟೆಗಳ ಧಾರಾವಾಹಿ ಆ ಮೌನವನ್ನು ತುಂಬಲೇಬೇಕು. ಸಂಭಾಷಣೆ, ಹಿನ್ನೆಲೆಗಳನ್ನು ಸೇರಿಸಿದ್ದೇವೆ, ಸುವಾರ್ತೆಗಳನ್ನು ಓದಿ ಎಂಬ ಸೂಚನೆ ಆರಂಭದಲ್ಲೇ ಬರುತ್ತದೆ. ಕ್ಯಾಥೊಲಿಕ್ ಗುರುವೊಬ್ಬರು, ಇವ್ಯಾಂಜೆಲಿಕಲ್ ಪ್ರಾಧ್ಯಾಪಕರೊಬ್ಬರು, ಯೇಸುವನ್ನು ಮೆಸ್ಸೀಯನೆಂದು (ದೇವರು ಕಳುಹಿಸಿದ ರಕ್ಷಕನೆಂದು) ನಂಬುವ ಯೆಹೂದಿ ರಬ್ಬಿಯೊಬ್ಬರು ಚಿತ್ರಕಥೆ ನೋಡುತ್ತಾರೆ. ಆದರೂ ನೋಡಿದ್ದು ಓದಿದ್ದಕ್ಕಿಂತ ಆಳವಾಗಿ ಕೂರುತ್ತದೆ. ನಾಳೆ ಭಕ್ತನಿಗೆ ಯಾವುದು ಸುವಾರ್ತೆಗಾರ ಮತ್ತಾಯನ ಮಾತು, ಯಾವುದು ಚಿತ್ರಕಥೆಗಾರನದೆಂದು ಬೇರ್ಪಡಿಸಲಾಗುವುದೇ ಎಂಬ ಪ್ರಶ್ನೆ ಉಳಿಯುತ್ತದೆ.

ಅದೇ ಸೀಸನ್ನಿನ ಟ್ರೇಲರಿನಲ್ಲಿ ‘ನಾನೇ ಮೋಶೆಯ ಧರ್ಮಶಾಸ್ತ್ರ’ ಎಂದು ಯೇಸು ಹೇಳುವ ಮಾತು ಬಂದಾಗ, ಇದು ಮಾರ್ಮನ್ ಗ್ರಂಥದ ಮಾತಿನಂತಿದೆಯೆಂದು ಕೂಗೆದ್ದಿತು. ಅಲ್ಲಿಂದ ತಂದದ್ದಲ್ಲ ಎಂದು ಜೆಂಕಿನ್ಸ್ ಹೇಳಬೇಕಾಯಿತು. ಯೂಟಾದಲ್ಲಿ ಚಿತ್ರೀಕರಣಕ್ಕೆ ಬಳಸಿದ ಯೆರೂಸಲೇಮಿನ ಸೆಟ್ ಮಾರ್ಮನ್ ಸಭೆಯದ್ದೇ ಆಗಿದ್ದು ಅನುಮಾನಕ್ಕೆ ಗಾಳಿ ಹಾಕಿತ್ತು. 2023ರಲ್ಲಿ ಚಿತ್ರೀಕರಣದ ತೆರೆಮರೆಯ ವಿಡಿಯೊವೊಂದರಲ್ಲಿ ತಂತ್ರಜ್ಞರೊಬ್ಬರ ಕ್ಯಾಮೆರಾ ಸಾಮಗ್ರಿಗೆ ಸಿಕ್ಕಿಸಿದ್ದ ಪುಟ್ಟ ಕಾಮನಬಿಲ್ಲಿನ ಬಾವುಟ, ಸಲಿಂಗಿಗಳ ಹಕ್ಕಿನ ಗುರುತು, ಕ್ಷಣಮಾತ್ರ ಕಂಡಿತು. ಬಹಿಷ್ಕಾರದ ಕರೆ ಬಂತು. ನಮ್ಮ ತಂಡದಲ್ಲಿ ಬೇರೆ ಬೇರೆ ನಂಬಿಕೆಯವರಿದ್ದಾರೆ, ಅವರವರು ಕೆಲಸ ಮಾಡುವ ಜಾಗದ ಮೇಲೆ ನಾವು ಪೊಲೀಸರಂತೆ ಕಣ್ಣಿಡುವುದಿಲ್ಲ ಎಂಬ ಧಾಟಿಯಲ್ಲಿ ಉತ್ತರ ಬಂತು. ಸಾಮಾನ್ಯ ಸ್ಟುಡಿಯೊದಲ್ಲಿ ಯಾರೂ ಗಮನಿಸದಿದ್ದ ಸಂಗತಿಯಿದು. ಹಣ ಹಾಕಿದವರು ಮಾಲೀಕರಾದ್ದರಿಂದ ಮಾಲೀಕರಂತೆ ತಪಾಸಣೆ ಮಾಡಿದರು.

ಅಮೆಜಾನಿಗೆ ಇದರಲ್ಲೇನು?

ಅಮೆಜಾನ್ ಮತಾಂತರವಾಗಿಲ್ಲ. ಸ್ಟ್ರೀಮಿಂಗ್ ಕಂಪನಿಯ ವ್ಯವಹಾರ ಸಿನಿಮಾ ಬಿಡುಗಡೆಯಂಥದ್ದಲ್ಲ. ಚಂದಾದಾರ ಪ್ರತಿ ತಿಂಗಳೂ ಉಳಿಯಬೇಕು. ಎಲ್ಲರಿಗೂ ಹಿಡಿಸುವ ಒಂದು ಧಾರಾವಾಹಿ ಮಾಡುವುದಕ್ಕಿಂತ, ಬೇರೆಲ್ಲೂ ಸರಕು ಸಿಗದ ನಿಷ್ಠಾವಂತ ಗುಂಪುಗಳನ್ನು ಒಂದೊಂದಾಗಿ ಹಿಡಿದಿಟ್ಟುಕೊಳ್ಳುವುದು ಲಾಭ. 2025ರ ಫೆಬ್ರುವರಿಯಲ್ಲೇ ಪ್ರೈಮ್‌ನಲ್ಲಿ ಬಂದ ದಾವೀದನ ಕಥೆಯ ‘ಹೌಸ್ ಆಫ್ ಡೇವಿಡ್’ಗೆ ಮೊದಲ ಹದಿನೇಳು ದಿನಗಳಲ್ಲಿ 2.2 ಕೋಟಿ ನೋಡುಗರು ಸಿಕ್ಕರೆಂದು ಕಂಪನಿ ಹೇಳಿಕೊಂಡಿತು. ಈ ಬಗೆಯ ಸಂಖ್ಯೆಗಳನ್ನು ಹೊರಗಿನವರು ಪರಿಶೀಲಿಸಲಾಗದು, ಆದರೆ ಕಂಪನಿ ಎರಡನೆಯ ಸೀಸನ್ನಿಗೂ ಹಣ ಹಾಕಿತು ಎಂಬುದು ಕಣ್ಣೆದುರಿನ ಸಾಕ್ಷಿ.

ಒಪ್ಪಂದ ಸರಿಯೆನ್ನುವವರ ವಾದಕ್ಕೆ ಉದ್ದನೆಯ ಪರಂಪರೆಯಿದೆ. ಜನರಿರುವ ಕಡೆ ಸುವಾರ್ತೆ ಹೋಗಬೇಕು. ಹೊಸ ಮಾಧ್ಯಮ ಕಂಡಾಗಲೆಲ್ಲ ಸಭೆ ಅದನ್ನು ಹಿಡಿದಿದೆ. 1843ರಲ್ಲಿ ಕನ್ನಡಕ್ಕೆ ಮೊದಲ ಪತ್ರಿಕೆಯಾಗಿ ‘ಮಂಗಳೂರ ಸಮಾಚಾರ’ ಬಂದದ್ದು ಬಾಸೆಲ್ ಮಿಷನ್ನಿನ ಕೈಯಲ್ಲಿ ಕಲ್ಲಚ್ಚಿನ ಯಂತ್ರವೂ ಹರ್ಮನ್ ಮೊಗ್ಲಿಂಗ್ ಅವರಂಥ ಸಂಪಾದಕರೂ ಇದ್ದುದರಿಂದ. ಆದರೆ ಆ ಯಂತ್ರ ಮಿಷನ್ನಿನದೇ ಆಗಿತ್ತು ಎಂಬುದನ್ನು ಈ ವಾದ ಮರೆಯುತ್ತದೆ. ಪ್ರೈಮ್ ವಿಡಿಯೊ ಅಮೆಜಾನಿನದು. ಯಾವ ಪೋಸ್ಟರ್ ಮೊದಲ ಪುಟದಲ್ಲಿ ಕಾಣಬೇಕು, ಎಲ್ಲಿ ಜಾಹೀರಾತು ಬರಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. 2024ರಿಂದ ಅಮೆರಿಕದಲ್ಲಿ ಹೆಚ್ಚುವರಿ ಹಣ ಕೊಡದ ಚಂದಾದಾರರಿಗೆ ಜಾಹೀರಾತು ಇದ್ದೇ ಇರುತ್ತದೆ.

ಪಾಲು ಹಾಕಿದವರ ಅಸಮಾಧಾನ ಬೇರೆ. ಪುಕ್ಕಟೆ ನೋಡಲೆಂದು ನಾವು ಕೊಟ್ಟೆವು, ಈಗ ಅಮೆಜಾನ್ ಗಿರಾಕಿ ಮೊದಲು ನೋಡುತ್ತಾನೆ, ನಮ್ಮ ಹಣದಿಂದ ನೋಡಬೇಕಾದ ಬಡವ ಮೂರು ತಿಂಗಳು ಕಾಯುತ್ತಾನೆ ಎಂಬುದು ಅವರ ದೂರು. ಹೂಡಿಕೆದಾರನಾಗಿ ಯೋಚಿಸಿದರೆ ಅದೇ ವ್ಯಕ್ತಿಗೆ ಒಪ್ಪಂದ ಲಾಭದ್ದು. ದಾನಿಯ ದೂರಿಗೂ ಪಾಲುದಾರನ ಲಾಭಕ್ಕೂ ಒಂದೇ ಎದೆಯಲ್ಲಿ ಜಾಗ ಮಾಡಿಕೊಳ್ಳಬೇಕಾಗಿದೆ.

ಮುಂದೆ ಏನಾಗಬಹುದು

ಮೊದಲ ಪರಿಣಾಮ ಆಯ್ಕೆಯ ಮೇಲೆ. ಧಾರಾವಾಹಿಯಿಂದ ಬೇರೆಯಾದ ಏಂಜೆಲ್ ಈಗ ಯಾವ ಚಿತ್ರ ಹಂಚಬೇಕೆಂಬುದನ್ನು ಚಂದಾದಾರ ಸದಸ್ಯರ ಮತಕ್ಕೆ ಬಿಡುತ್ತದೆ. ಅಮೆಜಾನ್ ನೋಡಿದ ನಿಮಿಷಗಳನ್ನು ಎಣಿಸುತ್ತದೆ. ಎರಡೂ ಕಡೆ ಗೆಲ್ಲುವುದು ಪರಿಚಿತ ಕಥೆ: ದಾವೀದ, ಮೋಶೆ, ಯೇಸು. ಬೈಬಲಿನಲ್ಲಿ ತಪ್ಪಿಲ್ಲದೆಯೂ ನರಳಿದ ಯೋಬನ ಸಂಕಟಕ್ಕೋ ಸಂದೇಹದಲ್ಲಿ ತೊಳಲುವ ಪಾದ್ರಿಯ ಕಥೆಗೋ ಬಂಡವಾಳ ಸಿಗುವುದು ಕಷ್ಟ. ಕುಂಟುವ ಯಾಕೋಬನಂಥ ದೃಶ್ಯ ದೊಡ್ಡ ಕಥೆಯ ಮಡಿಲಲ್ಲಿ ನುಸುಳಬಹುದು, ತಾನಾಗಿಯೇ ನಿಲ್ಲಲಾರದು.

ಎರಡನೆಯದು ಅಮೆರಿಕದ ಹೊರಗಿನ ಭಕ್ತರಿಗೆ ಸಂಬಂಧಿಸಿದ್ದು. ಧಾರಾವಾಹಿಯನ್ನು 600 ಭಾಷೆಗಳಿಗೆ ಕೊಂಡೊಯ್ಯುವ ಗುರಿಯನ್ನು ‘ಕಮ್ ಆ್ಯಂಡ್ ಸೀ’ ಎಂಬ ಲಾಭರಹಿತ ಪ್ರತಿಷ್ಠಾನ ಹೊತ್ತಿದ್ದು, ಅದಕ್ಕೆ ಹಣ ದಾನಿಗಳದ್ದೇ. ಹೀಗಾಗಿ ವಿಚಿತ್ರವಾದ ಕೆಲಸದ ಹಂಚಿಕೆಯೊಂದು ಮೂಡುತ್ತಿದೆ: ದುಡ್ಡಿರುವ ಮಾರುಕಟ್ಟೆ ಕಂಪನಿಗೆ, ದುಡ್ಡು ಹುಟ್ಟದ ಭಾಷೆಗಳು ಭಕ್ತರ ಕಾಣಿಕೆಗೆ. ಭಾರತೀಯ ಭಾಷೆಗಳ ಅನುವಾದ ಈ ಎರಡನೆಯ ಖಾತೆಗೆ ಸೇರುತ್ತದೆ.

ಮೂರನೆಯದು ಹತ್ತಿರದಲ್ಲೇ ಇದೆ. ಆರನೆಯ ಸೀಸನ್ ಶಿಲುಬೆಯ ಕಥೆ. ಅದರಲ್ಲಿ ಶಿಲುಬೆಗೇರಿಸುವ ದೃಶ್ಯಗಳ ಚಿತ್ರೀಕರಣ ನಡೆದದ್ದು ದಕ್ಷಿಣ ಇಟಲಿಯ ಮಾತೆರಾದಲ್ಲಿ. 2004ರ ಗಿಬ್ಸನ್ ಚಿತ್ರದ ಶಿಲುಬೆ ನಿಂತದ್ದೂ ಆ ಕಲ್ಲುಬೆಟ್ಟದ ಊರಿನಲ್ಲೇ. ಯೇಸುವಿನ ಯೆಹೂದಿತನವನ್ನು, ಅವನ ಸಬ್ಬತ್ (ವಾರದ ವಿಶ್ರಾಂತಿ ದಿನದ) ಊಟ, ಹಬ್ಬ, ಪ್ರಾರ್ಥನೆಗಳನ್ನು ಐದು ಸೀಸನ್‌ಗಳಲ್ಲಿ ಎಚ್ಚರದಿಂದ ತೋರಿಸಿದ ತಂಡ, ಮರಣದಂಡನೆಗೆ ಕೂಗುವ ಗುಂಪನ್ನು ಹೇಗೆ ತೋರಿಸುತ್ತದೆಂದು ಯೆಹೂದಿ ನೋಡುಗರು ಕಾಯುತ್ತಿದ್ದಾರೆ. ಪ್ರಕಟವಾಗಿರುವ ಯೋಜನೆಯಂತೆ ಸೀಸನ್ನಿನ ಬೇರೆ ಕಂತುಗಳು ಮೊದಲು ಪ್ರೈಮ್‌ಗೆ ಬರುತ್ತವೆ. ಶಿಲುಬೆಯ ಕಂತು ಮಾತ್ರ ಚಿತ್ರಮಂದಿರಕ್ಕೆ ಹೋಗುತ್ತದೆ, ಅದಕ್ಕೆ ಎಲ್ಲರೂ ಟಿಕೆಟ್ ಕೊಳ್ಳಬೇಕು.